ಕೈ ಚುರುಕಿದ್ದವಳು

ನನ್ನಕ್ಕ ಜಯ ಬುದ್ಧಿವಂತೆ ಅಂತ ಅವಳನ್ನು ಓದಿಸಿದ್ದಲ್ಲ. ಅವಳಿಗೆ ಕಾಫಿ ಕುಯ್ಯಲು ಬರುತ್ತಿರಲಿಲ್ಲ, ಅದಕ್ಕೆ ಓದಿಸಿದರು. ನನ್ನನ್ನು ದಡ್ಡಿ ಅಂತ ಸ್ಕೂಲು ಬಿಡಿಸಿದ್ದಲ್ಲ. ನನ್ನ ಕೈ ಚುರುಕಾಗಿತ್ತು, ಅದಕ್ಕೆ ಬಿಡಿಸಿದರು. ನಡೆದದ್ದು ಇಷ್ಟೇ. ಆಮೇಲೆ ನೆಂಟರೆಲ್ಲ ಜಯಳ ಹಣೆಯಲ್ಲಿ ಬರೆದಿತ್ತು, ಸರಸ್ವತಿ ಒಲಿದಳು, ಸಂಬಳದ ಕೆಲಸ ಹುಡುಕಿಕೊಂಡು ಬಂತು ಎಂದು ಹೇಳಿಕೊಂಡು ತಿರುಗಿದರು. ನಾನು ಅವರನ್ನು ತಿದ್ದಲು ಹೋಗಲಿಲ್ಲ. ಈಗ ನನಗೆ ಮೊಮ್ಮಕ್ಕಳಿದ್ದಾರೆ. ನನಗೂ ಬೇಗ ಮದುವೆಯಾಯಿತು, ನನ್ನ ಮಗಳಿಗೂ ಬೇಗ ಆಯಿತು, ಹಾಗಾಗಿ ತಲೆ ಪೂರ್ತಿ ನರೆಯುವ ಮೊದಲೇ ಅಜ್ಜಿಯಾದೆ. ಹೆಚ್ಚು ಓದಿದವಳಲ್ಲ. ಇದನ್ನು ಬರೆಯುವಾಗಲೂ ದೊಡ್ಡ ಮೊಮ್ಮಗಳು ಪಕ್ಕದಲ್ಲಿ ಕೂತು ಒತ್ತಕ್ಷರ ತಿದ್ದುತ್ತಾಳೆ. ಮಾತನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮದು ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೆ. ಉದ್ದಕ್ಕೆ ಒಂದೇ ಸೂರು, ಅದರ ಕೆಳಗೆ ಸಾಲಾಗಿ ಕೆಲಸದವರ ಮನೆಗಳು. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಆಚೆ ಬಚ್ಚಲು. ನಡುವಿನ ಗೋಡೆಗಳು ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಸಿದ್ದಮ್ಮ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ನಮ್ಮಲ್ಲಿ ಜಗಳವಾದರೆ ತೀರ್ಪು ಅವಳ ಕಡೆಯಿಂದ ಬರುತ್ತಿತ್ತು. ಮುಂದಿನ ಕೋಣೆಯ ಗೂಟದಲ್ಲಿ ಅಪ್ಪನ ಕಂಬಳಿ ತೂಗುತ್ತಿತ್ತು. ಅಪ್ಪ ಜ್ವರ ಬಂದು ತೀರಿಕೊಂಡಾಗ ನಾನು ಎಸ್ಟೇಟಿನ ಪಕ್ಕದ ಸ್ಕೂಲಿನಲ್ಲಿ ನಾಲ್ಕನೆಯ ಕ್ಲಾಸು. ಅಲ್ಲಿ ನಾಲ್ಕರವರೆಗೆ ಮಾತ್ರ ಇತ್ತು. ಅಕ್ಕ ಯಸಳೂರಿಗೆ ನಡೆದುಕೊಂಡು ಹೋಗಿ ಏಳನೆಯ ಕ್ಲಾಸು ಓದುತ್ತಿದ್ದಳು. ಮುಂದಿನ ವರ್ಷ ನಾನೂ ಅವಳ ಜೊತೆ ಯಸಳೂರಿಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ಯಾರು ನಿಶ್ಚಯ ಮಾಡಿದ್ದರೋ ಗೊತ್ತಿಲ್ಲ, ಬಹುಶಃ ನಾನೇ ಮಾಡಿಕೊಂಡಿದ್ದೆ. ಅವಳ ಹಳೆಯ ಚೀಲಕ್ಕೆ ಹಿಡಿ ಹೊಲಿದು ಇಟ್ಟುಕೊಂಡಿದ್ದೆ.

ಅಪ್ಪನ ತಿಥಿ ಮುಗಿದ ಮಾರನೆಯ ವಾರ ರೈಟರ್ ಬಂದರು. ಆಳುಗಳ ಹಾಜರಿ, ಮನೆ, ಸೌದೆ ಎಲ್ಲವೂ ಅವರ ಕೈಯಲ್ಲಿತ್ತು. ಕೆಟ್ಟ ಮನುಷ್ಯರೇನಲ್ಲ. ಬಾಗಿಲ ಹೊರಗೇ ನಿಂತು ಅವ್ವನ ಹತ್ತಿರ ಮಾತಾಡಿದರು.

"ರಂಗಮ್ಮ, ನಿನ್ ಕಷ್ಟ ನಂಗೆ ಕಾಣ್ತೈತೆ ಕಣಮ್ಮ. ಆದ್ರೆ ಲೈನ್ ಮನೇಲಿರ್ಬೇಕಂದ್ರೆ ಎರಡಾಳು ತೋಟಕ್ಕೆ ಬರ್ಬೇಕು. ಇದು ನಂದಲ್ಲ, ಸಾವ್ಕಾರ್ರ ಕಾನೂನು."

"ಇನ್ನೊಂದಾಳ ಎಲ್ಲಿಂದ ತರ್ಲಿ ಸ್ವಾಮಿ? ಹೋದೋರು ಹೋಗ್ಬುಟ್ರು."

"ಹೆಣ್ಮಕ್ಳಿಲ್ವಾ ಎರಡು? ಒಂದನ್ನ ಕಳ್ಸು. ವಯಸ್ಸಾಗಿಲ್ಲ, ಹೆಸರು ಬರ್ಯಕ್ಕಾಗಲ್ಲ. ನಿನ್ ಪಟ್ಟೇಲೇ ಕುಯ್ಲಿ, ನಿನ್ ತೂಕಕ್ಕೇ ಸೇರ್ಲಿ."

ಪಟ್ಟೆ ಎಂದರೆ ಒಬ್ಬೊಬ್ಬರಿಗೆ ಹಂಚಿಕೊಡುವ ಗಿಡದ ಸಾಲು. ಯಾರನ್ನು ಕಳಿಸುವುದು ಎಂದು ಅವ್ವ ಯಾರನ್ನೂ ಕೇಳಲಿಲ್ಲ. ಹಣ್ಣಿನ ಕಾಲವಾಗಿತ್ತು. ಇಬ್ಬರನ್ನೂ ಸ್ಕೂಲು ಬಿಡಿಸಿ ಆ ವಾರ ತೋಟಕ್ಕೆ ಕರೆದುಕೊಂಡು ಹೋದಳು, ಎತ್ತು ಕೊಳ್ಳುವವರು ನೇಗಿಲು ಹೂಡಿ ನೋಡುತ್ತಾರಲ್ಲ, ಹಾಗೆ. ಅಕ್ಕ ಉದ್ದ ಕೈಯವಳು, ಆದರೆ ಕೈಗೂ ಕಣ್ಣಿಗೂ ಹೊಂದುತ್ತಿರಲಿಲ್ಲ. ಕೆಂಪು ಹಣ್ಣಿಗೆ ಕೈ ಹಾಕಿದರೆ ಹಸಿರು ಕಾಯಿಯೂ ಬರುತ್ತಿತ್ತು, ಎಲೆ ಬರುತ್ತಿತ್ತು, ಕೆಲವು ಸಲ ರೆಕ್ಕೆಯೇ, ಎಂದರೆ ಕೊಂಬೆಯೇ, ಮುರಿದು ಬರುತ್ತಿತ್ತು. ಮೇಸ್ತ್ರಿ ಅವಳ ಕುಕ್ಕೆಯನ್ನು ಎಲ್ಲರ ಮುಂದೆ ಬಗ್ಗಿಸಿ, "ಇದೇನವ್ವಾ, ಕಾಫಿ ಕುಯ್ದಿದ್ದೀಯೋ, ದನಕ್ಕೆ ಸೊಪ್ಪು ತರಿದಿದ್ದೀಯೋ?" ಎಂದರು. ಹೆಂಗಸರೆಲ್ಲ ನಕ್ಕರು. ನಾನು ಕುಳ್ಳಿ, ಗಿಡದ ಒಳಗೇ ನುಗ್ಗಿ ನಿಲ್ಲುತ್ತಿದ್ದೆ. ಬೆರಳು ತಾನಾಗಿ ಹಣ್ಣನ್ನು ಹುಡುಕಿಕೊಳ್ಳುತ್ತಿತ್ತು. ಎರಡನೆಯ ದಿನಕ್ಕೇ ಸಿದ್ದಮ್ಮನನ್ನು ಹಿಂದೆ ಹಾಕಿದೆ. ತೂಕದ ಹತ್ತಿರ ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇವ್ಳು ನನ್ನವ್ಳು" ಎಂದಳು. ಅಪ್ಪ ಸತ್ತ ಮೇಲೆ ಅವಳು ಯಾರನ್ನೂ ಮುಟ್ಟಿರಲಿಲ್ಲ. ನನಗೆ ಹಿಗ್ಗು. ಮಾರನೆಯ ದಿನ ಇನ್ನೂ ಬೇಗ ಬೇಗ ಕುಯ್ದೆ. ನನ್ನ ಸ್ಕೂಲನ್ನು ನಾನೇ ಕುಯ್ದು ಕುಕ್ಕೆಗೆ ಹಾಕುತ್ತಿದ್ದೇನೆ ಎಂದು ತಿಳಿಯುವ ವಯಸ್ಸು ಅದಲ್ಲ.

ಶನಿವಾರ ಸಂಜೆ ಒಲೆ ಮುಂದೆ ಅವ್ವ ತೀರ್ಮಾನ ಹೇಳಿದಳು.

"ದೊಡ್ಡೋಳು ಸ್ಕೂಲಿಗೇ ಹೋಗ್ಲಿ. ಇಲ್ಲಿ ಬಂದ್ ಗಿಡ ಮುರ್ದು ನನ್ ಮಾನ ಕಳ್ಯೋದ್ ಬ್ಯಾಡ. ಗಿರ್ಜಿ ನನ್ ಜೊತೆ ಬತ್ತಾಳೆ."

"ನಾನ್ ಐದ್ನೇ ಕ್ಲಾಸು ಅವ್ವಾ?" ಎಂದೆ.

"ಓದಿ ಏನ್ ಕಿಸಿತೀಯೆ? ಆ ಕೊನೇ ಮನೆಯೋನು ಹತ್ತು ಓದವ್ನೆ. ಗೊಬ್ರುದ್ ಮೂಟೆ ಹೊರ್ತಾನೆ, ನಿಮ್ಮಪ್ಪನ್ ಕೂಲಿನೇ ಅವ್ನಿಗೂ."

ಅವ್ವ ಹೇಳಿದ್ದು ಸುಳ್ಳಲ್ಲ. ಆಗಿನ ಕಾಲಕ್ಕೆ ನಮ್ಮ ಲೈನಿನಲ್ಲಿ ಓದಿದ ಕೈಗೂ ಓದದ ಕೈಗೂ ಒಂದೇ ಕೂಲಿ. ಸ್ಕೂಲಿಗೆ ಹೋಗುವುದು ಬಿಸಿಲಿನಿಂದ ತಪ್ಪಿಸಿಕೊಳ್ಳುವ ಉಪಾಯ ಎಂದೇ ದೊಡ್ಡವರು ತಿಳಿದಿದ್ದರು. ಅಕ್ಕನನ್ನು ಯಸಳೂರಿಗೆ ಕಳಿಸಿದ್ದು ಗೊಡ್ಡು ಹಸುವನ್ನು ಮೇಯಲು ಬಿಟ್ಟ ಹಾಗೆ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ತನಗೆ ಅವಮಾನವಾಯಿತು ಎಂದು ಅತ್ತಳು. ನಾನು ಅವಳ ಪಾಲಿನ ರೊಟ್ಟಿಯನ್ನೂ ತಿಂದೆ.

ಆಮೇಲಿನ ವರ್ಷಗಳಲ್ಲಿ ನನಗೆ ಜೊತೆಯೇ ಇರಲಿಲ್ಲ. ಲೈನಿನ ನನ್ನ ವಯಸ್ಸಿನ ಮಕ್ಕಳೆಲ್ಲ ಬೆಳಿಗ್ಗೆ ಸ್ಕೂಲಿನ ದಾರಿ ಹಿಡಿದರೆ ನಾನು ಹೆಂಗಸರ ಹಿಂದೆ ತೋಟದ ದಾರಿ ಹಿಡಿಯುತ್ತಿದ್ದೆ. ಹೆಂಗಸರು ಗಂಡ, ಬಸಿರು, ಬಾಣಂತನದ ಮಾತಾಡುವರು. ನಾನು ಹತ್ತಿರ ಬಂದರೆ, "ಮಗ ಐತೆ ಸುಮ್ನಿರ್ರೇ" ಎಂದು ನಿಲ್ಲಿಸುವರು. ಸಂಜೆ ಮಕ್ಕಳ ಹತ್ತಿರ ಹೋದರೆ ಅವು ಮೇಷ್ಟರ ಮಾತು, ಪರೀಕ್ಷೆಯ ಮಾತು ಆಡುವವು. ನನಗೆ ಅದು ತಿಳಿಯದು. ಎರಡು ಕಡೆಯೂ ಸಲ್ಲದವಳಾಗಿ ಮನೆಗೆ ಬಂದು ಸೌದೆ ಒಡೆಯುತ್ತಿದ್ದೆ. ಅವ್ವ ಮಾತಿನವಳಲ್ಲ. ಇಡೀ ದಿನ ಒಂದೇ ಪಟ್ಟೆಯಲ್ಲಿ ಗಿಡದ ಆ ಬದಿ ಅವಳು, ಈ ಬದಿ ನಾನು. ಎಲೆಯ ಸಂದಿಯಲ್ಲಿ ಅವಳ ಬೆರಳು ಮಾತ್ರ ಕಾಣುತ್ತಿತ್ತು. ಸಂಜೆ ಒಲೆಯ ಬೆಳಕಿನಲ್ಲಿ ನನ್ನ ಅಂಗೈಗೆ ಹರಳೆಣ್ಣೆ ತಿಕ್ಕುವಳು, ಕೈ ಒಡೆಯಬಾರದು ಎಂದು. ಅಕ್ಕನಿಗೆ ಎಣ್ಣೆಯಿಲ್ಲ. ಊಟಕ್ಕೂ ಹಾಗೆ: ತೋಟಕ್ಕೆ ಹೋಗುವವರಿಗೆ ಮೊದಲು, ಬಿಸಿಯದು. ಅಕ್ಕ ದೀಪದ ಹತ್ತಿರ ಪುಸ್ತಕ ಹಿಡಿದು ಕೂತಿರುವಳು, ಕರೆದಾಗ ಬಂದು ಉಳಿದದ್ದನ್ನು ಉಣ್ಣುವಳು. ಹೊರಗಿನವರು ನೋಡಿದರೆ ಆ ಮನೆಯಲ್ಲಿ ಮುದ್ದಿನ ಮಗಳು ನಾನೇ. ಅಕ್ಕ ಗಟ್ಟಿಯಾಗಿ ಓದುವಾಗ ನಾನು ನಿದ್ದೆ ಬಂದವಳ ಹಾಗೆ ಮಲಗಿ ಕೇಳುತ್ತಿದ್ದೆ. ಅರ್ಥವಾಗಲಿ ಬಿಡಲಿ, ಅದು ಯಸಳೂರಿನ ಸದ್ದು.

ಅಕ್ಕ ಹತ್ತನೆಯ ಕ್ಲಾಸು ಪಾಸಾದ ಹೊತ್ತಿಗೆ ಎಸ್ಟೇಟಿನ ಲೆಕ್ಕವೇ ಬದಲಾಗಿತ್ತು. ಮೊದಲು ಬೆಳೆದ ಕಾಫಿಯನ್ನೆಲ್ಲ ಸರ್ಕಾರದವರಿಗೆ ಒಪ್ಪಿಸಬೇಕಿತ್ತಂತೆ, ಹಣ ಕಂತಿನಲ್ಲಿ ಬರುತ್ತಿತ್ತಂತೆ. ಆಮೇಲೆ ಯಾರಿಗೆ ಬೇಕಾದರೂ ಮಾರಿಕೊಳ್ಳಿ ಎಂದು ಬಿಟ್ಟುಬಿಟ್ಟರು. ಅದೇ ಸಮಯಕ್ಕೆ ಕಾಫಿಗೆ ಬೆಲೆಯೂ ಏರಿತು. ಹಿಂದೆ ವರ್ಷಕ್ಕೊಂದು ಸಲ ಲಾರಿ ಬರುತ್ತಿದ್ದ ಗೇಟಿನಲ್ಲಿ ದಿನಾ ವ್ಯಾಪಾರಿಗಳ ಜೀಪು. ಸಾಹುಕಾರರು ಕಣಕ್ಕೆ ಸಿಮೆಂಟು ಹಾಕಿಸಿದರು, ಸ್ಟೋರ್ ದೊಡ್ಡದು ಮಾಡಿಸಿದರು, ಅಲ್ಲೊಂದು ಫೋನು ತಂದಿಟ್ಟರು. ಫೋನಿನಲ್ಲಿ ಸಕಲೇಶಪುರದ ರೇಟು ಕೇಳಿ ಬರೆದುಕೊಳ್ಳಲು, ಚೀಲದ ಮೇಲೆ ಇಂಗ್ಲಿಷಿನಲ್ಲಿ ಗುರುತು ಹಾಕಲು ಒಬ್ಬರು ಬೇಕಾಯಿತು. ಲೈನಿನಲ್ಲಿ ಹತ್ತು ಪಾಸಾದ ಹುಡುಗಿ ಜಯ ಒಬ್ಬಳೇ. ಅವಳನ್ನು ಕರೆದರು. ದಿನಗೂಲಿಯಲ್ಲ, ತಿಂಗಳ ಸಂಬಳ. ಭಾನುವಾರ ಮನೆಯಲ್ಲಿದ್ದರೂ ಸಂಬಳ, ಹಬ್ಬಕ್ಕೂ ಸಂಬಳ, ಜ್ವರ ಬಂದರೂ ಸಂಬಳ. ಕುರ್ಚಿ ಬೇರೆ.

ಆ ಬೆಲೆಯ ಕಾಲದಲ್ಲಿ ನಮ್ಮ ಕೂಲಿಯೂ ಏರಿತು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮದು ಏರಿದ್ದು ಹಾಲು ಉಕ್ಕಿದ ಹಾಗೆ: ಹಣ್ಣಿನ ಕಾಲದಲ್ಲಿ ಮೇಲೆ ಬಂದು, ಹಣ್ಣು ಮುಗಿದ ಕೂಡಲೇ ತಳಕ್ಕೆ ಇಳಿಯುತ್ತಿತ್ತು. ಅಕ್ಕನದು ಮೆಟ್ಟಿಲು ಹತ್ತಿದ ಹಾಗೆ. ಹತ್ತಿದ ಮೆಟ್ಟಿಲಿಂದ ಕೆಳಗಿಳಿಯುವ ಮಾತಿಲ್ಲ. ಅವ್ವನೂ ನಾನೂ ಸೇರಿ ತಿಂಗಳೆಲ್ಲ ದುಡಿದು ತರುವುದಕ್ಕಿಂತ ಅವಳೊಬ್ಬಳು ತರುವುದು ಹೆಚ್ಚಾಯಿತು. ಮೊದಲ ಸಂಬಳದ ಸಂಜೆ ಹೆಂಚಿನಿಂದ ಎದ್ದ ಮೊದಲ ರೊಟ್ಟಿ ಅಕ್ಕನ ತಟ್ಟೆಗೆ ಬಿತ್ತು. ಅಕ್ಕ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ತಿಂದಳು. ಸಿದ್ದಮ್ಮ ಗೋಡೆಯಾಚೆಯಿಂದ, "ಏನ್ ರಂಗಿ, ಇವತ್ತು ತುಪ್ಪದ್ ವಾಸ್ನೆ ಬತ್ತೈತೆ, ಮನೇಗ್ ಅಳಿಯ ಬಂದವ್ನಾ?" ಎಂದಳು.

ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ಓದಿದರೆ ಏನು ಬರುತ್ತದೆ ಎಂಬ ಅವ್ವನ ಪ್ರಶ್ನೆಗೆ ಉತ್ತರ ಈಗ ಮನೆಯಲ್ಲೇ ಕೂತು ರೊಟ್ಟಿ ತಿನ್ನುತ್ತಿತ್ತು. ಇನ್ನು ನನ್ನನ್ನು ಬಿಡುತ್ತಾರೆ ಎಂದುಕೊಂಡೆ. ಅಕ್ಕ ಈಗ ಎಸ್ಟೇಟಿನಲ್ಲೇ ದುಡಿಯುತ್ತಾಳೆ, ಅವ್ವ ದುಡಿಯುತ್ತಾಳೆ, ಎರಡಾಳು ಆಯಿತಲ್ಲ. ನಾನೇ ಹೋಗಿ ರೈಟರನ್ನು ಕೇಳಿದೆ. ಅವರು ಪಾಪ, ನಗಲಿಲ್ಲ.

"ಸ್ಟೋರಿನೋರು ಆಳಲ್ಲ ಮಗ, ಅವ್ರು ಸ್ಟಾಫು. ಆಳು ಅಂದ್ರೆ ತೋಟಕ್ಕೆ ಇಳ್ಯೋರು."

ಹಾಗೆ ಅಕ್ಕ ಸ್ಟಾಫಾದಳು, ನಾನು ಆಳಾಗಿಯೇ ಉಳಿದೆ. ಅವಳು ಸ್ಟೋರಿನಲ್ಲಿ ಒಂದು ವರ್ಷವಿದ್ದಳು. ಜೀಪಿನಲ್ಲಿ ಬರುತ್ತಿದ್ದ ವ್ಯಾಪಾರಿಯೊಬ್ಬ ಅವಳ ಬರವಣಿಗೆ ನೋಡಿ, ಸಕಲೇಶಪುರದಲ್ಲಿ ಕಾಫಿ ಹದ ಮಾಡುವ ಕಡೆ ಆಫೀಸಿಗೆ ಸೇರಿಸಿಕೊಂಡ. ಸಂಬಳ ಇನ್ನೊಂದು ಮೆಟ್ಟಿಲು ಹತ್ತಿತು. ಅವಳು ಟ್ರಂಕು ತೆಗೆದುಕೊಂಡು ಬಸ್ ಹತ್ತುವಾಗ ನನ್ನ ಕಿವಿಯಲ್ಲಿ, "ರೂಮ್ ಮಾಡ್ಕೊಂಡ್ ಮೇಲೆ ನಿನ್ನ ಕರ್ಕೊಳ್ತೀನಿ ಕಣೆ. ಅಲ್ಲೇ ಸ್ಕೂಲಿಗ್ ಹೋಗೀಯಂತೆ" ಎಂದಳು. ನಾನು ಕೇಳಿರಲಿಲ್ಲ, ಅವಳಾಗಿಯೇ ಹೇಳಿದ್ದು. ಆ ವರ್ಷ ಪೂರ್ತಿ ನಾನು ಆ ಮಾತಿನ ಮೇಲೇ ಇದ್ದೆ. ಅಕ್ಕ ಹೋದ ಮೇಲೆ ದೀಪದ ಹತ್ತಿರದ ಸದ್ದು ನಿಂತಿತು. ಅವ್ವನೂ ನಾನೂ ಉಂಡು, ಬೆನ್ನು ತಿರುಗಿಸಿ ಮಲಗುವುದು. ಎರಡು ಮನುಷ್ಯರಿದ್ದೂ ಮನೆ ಬೀಗ ಹಾಕಿದ ಹಾಗಿತ್ತು.

ನಿಜವಾಗಿ ಬೀಗ ಹಾಕಿದ ಮನೆಗಳೂ ಲೈನಿನಲ್ಲಿ ಹೆಚ್ಚಾಗುತ್ತಿದ್ದವು. ಕೊನೆಯ ಮನೆಯ ಹತ್ತು ಓದಿದವನು ಗೊಬ್ಬರದ ಮೂಟೆ ಕೆಳಗಿಟ್ಟು ಹಾಸನಕ್ಕೆ ಹೋದ. ಅವನ ಪಕ್ಕದವರೂ ಹೋದರು. ಹಣ್ಣಿನ ಕಾಲದಲ್ಲಿ ಆಳಿಲ್ಲದೆ ಸಾಹುಕಾರರು ಆಲೂರು, ಪಾಳ್ಯದ ಕಡೆಯಿಂದ ಜೀಪಿನಲ್ಲಿ ಜನ ತರಿಸುತ್ತಿದ್ದರು. ಬೇರೆ ಎಸ್ಟೇಟಿನವರು ದಾರಿಯಲ್ಲೇ ಆ ಜೀಪು ನಿಲ್ಲಿಸಿ ಹೆಚ್ಚು ಕೊಡುತ್ತೇವೆ ಎಂದು ಜನರನ್ನು ಇಳಿಸಿಕೊಳ್ಳುತ್ತಿದ್ದರು. ಇದನ್ನೆಲ್ಲ ನಾನು ಪಟ್ಟೆಯಲ್ಲಿ ನಿಂತು ನೋಡುತ್ತಿದ್ದೆ. ನೋಡಲು ಸ್ಕೂಲು ಬೇಡ.

ಮತ್ತೆ ಸ್ಕೂಲು ಶುರುವಾಗುವ ಹಿಂದಿನ ಭಾನುವಾರ ಅಕ್ಕ ಬಂದಳು. ನಾನು ಎರಡು ಲಂಗ, ಒಂದು ಟವೆಲು ಚೀಲಕ್ಕೆ ತುಂಬಿ ಇಟ್ಟಿದ್ದೆ. ಅವಳು ನನಗೊಂದು ಸೀರೆ ತಂದಿದ್ದಳು, ನೀಲಿಯದು. ಹದಿನೈದು ತುಂಬದವಳಿಗೆ ಸೀರೆ ಯಾಕೆ ಎಂದು ಆಗಲೇ ಅನುಮಾನ ಬರಬೇಕಿತ್ತು. ಮಧ್ಯಾಹ್ನ ಒಣಮೀನಿನ ಸಾರು ಮಾಡಿ ಮೂವರೂ ಉಂಡೆವು. ಕೈ ತೊಳೆದು ಬಂದು ನಾನು ಚೀಲ ತೆಗೆದು ಬಾಗಿಲ ಹತ್ತಿರ ಇಟ್ಟೆ.

ಅಕ್ಕ ಚೀಲ ನೋಡಿ, "ಗಿರ್ಜಿ, ಐದ್ನೇ ಕ್ಲಾಸಲ್ಲಿ ಚಿಕ್ ಮಕ್ಳ ಜೊತೆ ಕೂತ್ಕೊತೀಯೇನೆ? ನಗ್ತವೆ ಕಣೆ" ಎಂದಳು.

"ನಗ್ಲಿ."

"ರೂಮಲ್ಲಿ ಇನ್ನೂ ಇಬ್ರು ಹುಡ್ಗೀರವ್ರೆ. ನಿನ್ನ ಎಲ್ಲಿ ಮಲಗಿಸ್ಲಿ?"

"ಬಾಗ್ಲಲ್ ಮಲಗ್ತೀನಿ."

"ಅವ್ವನ್ನ ಯಾರ್ ನೋಡ್ಕೊತಾರೆ?"

ಅಲ್ಲಿಗೆ ಮಾತು ಹೊರಗೆ ಬಿತ್ತು. ನಾನು ಲೈನಿನಲ್ಲಿದ್ದರೆ ಅವಳು ಸಕಲೇಶಪುರದಲ್ಲಿ ನಿಶ್ಚಿಂತೆಯಿಂದ ಇರಬಹುದು. ನಾನೂ ಹೊರಟರೆ ಅವ್ವ ಅವಳ ತಲೆಯ ಮೇಲೆ ಬರುತ್ತಾಳೆ. ಅಕ್ಕ ಕೆಟ್ಟವಳಲ್ಲ. ಒಂದು ಒಳ್ಳೆಯ ಜಾಗ ಸಿಕ್ಕಿತ್ತು, ಅದನ್ನು ಅಲ್ಲಾಡಿಸುವುದು ಅವಳಿಗೆ ಬೇಡವಾಗಿತ್ತು. ಅದಕ್ಕೆ ಸೀರೆ.

"ಕರ್ಕೊಂಡ್ ಹೋಗೆ ಜಯಾ, ಪಾಪ ಮಗ ಒಂದ್ ವರ್ಷದಿಂದ ಕಾಯ್ತೈತೆ" ಎಂದು ಗೋಡೆಯಾಚೆಯಿಂದ ಸಿದ್ದಮ್ಮ ಅಂದಳು.

"ನಿನ್ ಸಾರ್ ನೀನ್ ನೋಡ್ಕೊಳೆ ಸಿದ್ದಿ, ಸೀದ್ ವಾಸ್ನೆ ಬತ್ತೈತೆ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಹೋದ್ರೆ ಈ ಮನೆ ಹೋಯ್ತದೆ. ಎರಡಾಳ್ ಬೇಕು" ಎಂದಳು.

"ಮನೆ ಹೋಗಲ್ಲ ಅವ್ವ. ಮೂರ್ ಮನೆಗ್ ಬೀಗ ಬಿದ್ದೈತೆ. ಆಳಿಲ್ದೆ ಪಾಳ್ಯದಿಂದ ಜೀಪಲ್ ತರಿಸ್ತಾವ್ರೆ. ಇರೋ ನಿನ್ನ ಯಾವ ರೈಟರ್ ಓಡಿಸ್ತಾನೆ? ಓಡಿಸಿ ನೋಡ್ಲಿ."

ಇಬ್ಬರೂ ನನ್ನನ್ನು ನೋಡಿದರು. ನಾನು ಹಾಗೆ ಮಾತಾಡುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ. ನಮ್ಮನ್ನು ಯಾರೂ ಓಡಿಸಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅವ್ವ ಕಡೆಯವರೆಗೂ ಆ ಮನೆಯಲ್ಲೇ ಇದ್ದಳು. ಆದರೆ ಆ ಭಾನುವಾರ ಅದು ನಮಗೆ ಖಾತ್ರಿಯಿರಲಿಲ್ಲ. ಅವ್ವ ಒಲೆಯ ಕಡೆ ಮುಖ ಮಾಡಿ ಕೆಂಡ ಕೆದಕಿದಳು. ಆಮೇಲೆ ಅಂದಳು:

"ಪಟ್ಟೇಲಿ ನಾನೊಬ್ಳೇ ನಿಂತ್ಕೊಂಡ್ ಏನ್ ಮಾಡ್ಲೆ?"

ಮನೆಯ ಕಾನೂನಲ್ಲ, ಕೂಲಿಯಲ್ಲ, ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟದ್ದು ಇದು. ಗಿಡದ ಆಚೆ ಬದಿ ಯಾರೂ ಇಲ್ಲದಿರುವುದಕ್ಕೆ ಅವಳು ಹೆದರುತ್ತಿದ್ದಳು. ಹತ್ತು ಓದಿದ ಅಕ್ಕ ಎದ್ದು ತಟ್ಟೆ ತೊಳೆಯಲು ಹೋದಳು. ಸಂಜೆ ಬಸ್ಸಿಗೆ ಹೊರಟಾಗ ಅಕ್ಕ, "ಇನ್ನೊಂದ್ ವರ್ಷ ನೋಡಾಣ" ಎಂದಳು. ನಾನು ಬಸ್ಸಿನವರೆಗೆ ಹೋಗಲಿಲ್ಲ. ಚೀಲದಿಂದ ಲಂಗ ತೆಗೆದು ಮಡಿಸಿ ಇಟ್ಟೆ.

ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಎದ್ದೆ. ಒಲೆ ಹಚ್ಚಿದೆ, ರೊಟ್ಟಿ ತಟ್ಟಿದೆ, ಅವ್ವನ ಬುತ್ತಿಗೆ ಕಟ್ಟಿದೆ. ಸ್ಟೋರಿನಲ್ಲಿ ಗಂಟೆ ಹೊಡೆಯಿತು. ಅವ್ವ ಸೊಂಟಕ್ಕೆ ಗೋಣಿ ಕಟ್ಟಿ, ಕತ್ತಿ ತೆಗೆದುಕೊಂಡು ಬಾಗಿಲಲ್ಲಿ ನಿಂತಳು. "ಬಾರೆ" ಎಂದಳು. ನಾನು "ನೀನ್ ಹೋಗವ್ವ" ಎಂದೆ. ಅವಳು ಇನ್ನೊಂದು ಸಲ ಕರೆಯಲಿಲ್ಲ. ಹೆಂಗಸರ ಹಿಂದೆ ಹೋದಳು, ತಿರುವಿನಲ್ಲಿ ಒಮ್ಮೆ ನಿಂತಳು, ಮತ್ತೆ ಹೋದಳು. ನಾನು ತಲೆ ಬಾಚಿಕೊಂಡು ಬಾಗಿಲು ಎಳೆದು ಯಸಳೂರಿನ ದಾರಿ ಹಿಡಿದೆ. ಸ್ಕೂಲಿನ ಮುಂದೆ ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ನಿಂತಿದ್ದರು. ನಾನೂ ಅವರ ಸಾಲಿನಲ್ಲೇ ನಿಂತೆ. ಮೇಜಿನ ಹತ್ತಿರ ಬಂದಾಗ ಟೀಚರು ತಲೆ ಎತ್ತದೆ ಕೇಳಿದರು.

"ಎಷ್ಟನೇ ಕ್ಲಾಸಿಗಮ್ಮ?"

"ಐದಕ್ಕೆ."

"ಮಗು ಎಲ್ಲಿ? ಕರ್ಕೊಂಡ್ ಬಂದಿಲ್ವಾ? ಯಾರನ್ನ ಸೇರಿಸ್ಬೇಕು?"

"ನನ್ನ" ಎಂದೆ.